ಸಣ್ಣ ಲಾರಿಯವರ ಸಾಲ: ಗ್ಯಾರಂಟಿ ಬ್ಯಾಂಕಿಗೆ, ಕಂತು ಗಾಡಿಗೆ

ಮಾನ್ಯ ಸಂಪಾದಕರೇ,

ಒಂದೋ ಎರಡೋ ಗಾಡಿ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರ ನಡುವೆ ಸರ್ಕಾರಿ ಖಾತರಿಯ ಸಾಲದ ಬಗ್ಗೆ ಎರಡು ಮಾತು ಸದಾ ಓಡಾಡುತ್ತಿರುತ್ತವೆ. 'ಸರ್ಕಾರವೇ ಜಾಮೀನು ನಿಂತಿದೆ, ಬ್ಯಾಂಕಿನವರು ಕೊಡಲೇಬೇಕು' ಎನ್ನುವುದು ಒಂದು. 'ಕಟ್ಟಲಿಕ್ಕೆ ಆಗದಿದ್ದರೆ ಸರ್ಕಾರ ತುಂಬಿಕೊಡುತ್ತದೆ' ಎನ್ನುವುದು ಇನ್ನೊಂದು. ಎರಡೂ ತಪ್ಪು. ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಎಂದ ಕೂಡಲೇ ಐದು ಯೋಜನೆಗಳು ಕಣ್ಣಮುಂದೆ ಬರುವುದರಿಂದ ಗೊಂದಲ ಇನ್ನಷ್ಟು ಹೆಚ್ಚಿದೆಯೋ ಏನೋ. ಈ ಗ್ಯಾರಂಟಿಯ ಫಲಾನುಭವಿ ಬ್ಯಾಂಕು. ಸಾಲಗಾರನ ಹೆಗಲ ಮೇಲಿನ ಭಾರ ಅದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ. ಇನ್ನು ಅರ್ಜಿಗಳು ಬಿದ್ದುಹೋಗುವ ವಿಚಾರ. ಜಾಮೀನಿಲ್ಲದೆ ಬೀಳುವ ಅರ್ಜಿಗಿಂತ, ಲಾರಿಯವನ ಆದಾಯ ಕಾಗದದ ಮೇಲೆ ಸರಿಯಾಗಿ ಕಾಣದೆ ಬೀಳುವ ಅರ್ಜಿಯೇ ಹೆಚ್ಚು. ಅದನ್ನು ಬಿಡಿಸಿ ಹೇಳಲು ಈ ಪತ್ರ.

ಚಿಕ್ಕ ಗಾಡಿಗೆ ಮೊದಲ ಬಾಗಿಲು ಮುದ್ರಾ ಯೋಜನೆ. 2015ರ ಏಪ್ರಿಲ್ 8ರಂದು ಶುರುವಾದ ಇದರಲ್ಲಿ 50 ಸಾವಿರದವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. 2024ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ತರುಣ್ ಪ್ಲಸ್ 20 ಲಕ್ಷದವರೆಗೆ ಹೋಗುತ್ತದೆ. ಆದರೆ ಹಿಂದೆ ತರುಣ್ ಸಾಲ ಪಡೆದು ಸರಿಯಾಗಿ ತೀರಿಸಿದವರಿಗೆ ಮಾತ್ರ. ಹೊಸಬರು ನೇರವಾಗಿ ಹೋಗಿ 18 ಲಕ್ಷ ಕೇಳಿದರೆ ಮುದ್ರಾದಲ್ಲಿ ಸಿಗುವುದಿಲ್ಲ. ಸರಕು ಸಾಗಿಸುವ ಮೂರು ಚಕ್ರದ ಗಾಡಿ, ಮಿನಿ ಟ್ರಕ್ ಇವೆಲ್ಲ ಈ ಯೋಜನೆಯ ವ್ಯಾಪ್ತಿಯಲ್ಲೇ ಇವೆ. ಮುದ್ರಾ ಸಂಸ್ಥೆ ತಾನಾಗಿ ಯಾರಿಗೂ ಸಾಲ ಕೊಡುವುದಿಲ್ಲ. ಕೊಡುವುದು ಬ್ಯಾಂಕು, ಗ್ರಾಮೀಣ ಬ್ಯಾಂಕು, ಹಣಕಾಸು ಕಂಪನಿ. ಅದು ಏಜೆಂಟರನ್ನೂ ನೇಮಿಸಿಲ್ಲ. 'ಮುದ್ರಾ ಆಫೀಸಿನಿಂದ ಮಾತಾಡ್ತಿದೀವಿ, ಪ್ರೊಸೆಸಿಂಗ್ ಫೀ ಹಾಕಿ' ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ, ಅಷ್ಟೇ.

ಆರು ಚಕ್ರ, ಹತ್ತು ಚಕ್ರದ ಲಾರಿಗೆ ಮುದ್ರಾ ಸಾಲದು. ಅಲ್ಲಿ ಬರುವುದು ಸಿಜಿಟಿಎಂಎಸ್‌ಇ. ಸಣ್ಣ ಉದ್ಯಮಗಳ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡಲೆಂದು ಕೇಂದ್ರ ಸರ್ಕಾರ ಮತ್ತು ಸಣ್ಣ ಉದ್ಯಮಗಳ ಬ್ಯಾಂಕಾದ ಸಿಡ್ಬಿ ಸೇರಿ 2000ದಲ್ಲಿ ಹುಟ್ಟುಹಾಕಿದ ಟ್ರಸ್ಟ್ ಇದು. ಖಾತರಿಯ ಮಿತಿ 2023ರ ಏಪ್ರಿಲ್‌ನಲ್ಲಿ 2 ಕೋಟಿಯಿಂದ 5 ಕೋಟಿಗೆ, 2025ರ ಏಪ್ರಿಲ್‌ನಲ್ಲಿ 10 ಕೋಟಿಗೆ ಏರಿತು. ಒಂದು ಲಾರಿಯವನಿಗೆ ಆ ಕೋಟಿಗಳಿಂದ ಆಗಬೇಕಾದ್ದೇನೂ ಇಲ್ಲ, ಅವನು ನೋಡಬೇಕಾದ್ದು ಶುಲ್ಕ. 2023ರ ಪರಿಷ್ಕರಣೆಯಲ್ಲಿ ನಿಗದಿಯಾದ ಮೂಲ ದರ 10 ಲಕ್ಷದವರೆಗೆ ವರ್ಷಕ್ಕೆ ಶೇ 0.37, 10ರಿಂದ 50 ಲಕ್ಷದವರೆಗೆ ಶೇ 0.55. 16 ಲಕ್ಷದ ಸಾಲಕ್ಕೆ ಮೊದಲ ವರ್ಷ 8,800 ರೂಪಾಯಿ. ಅಸಲು ಇಳಿದಂತೆ ಇದೂ ಇಳಿಯುತ್ತದೆ. ಬ್ಯಾಂಕು ಇದನ್ನು ತಾನೇ ಭರಿಸಬಹುದು, ಸಾಲಗಾರನ ಖಾತೆಗೂ ಹಾಕಬಹುದು. ಯಾವುದು ಎಂದು ಮೊದಲೇ ಕೇಳದಿದ್ದರೆ, ಪ್ರತಿ ವರ್ಷ ಒಂದು ತಿಂಗಳು ಕಂತಿನ ಜೊತೆ ಇನ್ನೊಂದು ಮೊತ್ತ ಯಾಕೆ ಕಡಿತವಾಯಿತು ಎಂದು ಶಾಖೆಗೆ ಅಲೆಯಬೇಕಾಗುತ್ತದೆ.

ಟ್ರಸ್ಟಿನ ಖಾತರಿ ಇರುವ ಭಾಗಕ್ಕೆ ಮತ್ತೆ ಹೊಲ, ಮನೆ ಪತ್ರ ಅಥವಾ ಮೂರನೆಯವರ ಜಾಮೀನು ಕೇಳುವಂತಿಲ್ಲ. ಸಾಲದ ಒಂದು ಪಾಲಿಗೆ ಆಸ್ತಿ ಅಡವು, ಉಳಿದ ಪಾಲಿಗೆ ಖಾತರಿ ಎಂಬ ಬೆರಕೆ ಏರ್ಪಾಡೂ ಇದೆ. ಹಾಗಾಗಿ ಯಾವ ಪಾಲಿಗೆ ಯಾವುದು ಎಂದು ಮಂಜೂರಾತಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸಾಲಕ್ಕೆ ಕನಿಷ್ಠ 10 ಲಕ್ಷದವರೆಗೆ ಆಸ್ತಿ ಅಡವು ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಕೂರುವುದು ಬೇರೆ ವಿಷಯ. ಅದು ಸಾಲದ ದುಡ್ಡಲ್ಲಿ ಕೊಂಡ ಗಾಡಿಯ ಮೇಲಿನ ಹಕ್ಕು, ಅದಕ್ಕೆ ತಕರಾರು ಮಾಡಿ ಪ್ರಯೋಜನವಿಲ್ಲ. ತಕರಾರು ಮಾಡಬೇಕಾದ್ದು 'ಒಂದು ಲಕ್ಷ ಎಫ್‌ಡಿ ಇಡಿ, ಮನೆಯವರ ಹೆಸರಲ್ಲಿ ಒಂದು ಪಾಲಿಸಿ ಮಾಡಿಸಿ, ಆಮೇಲೆ ನೋಡೋಣ' ಎಂಬ ಬಾಯಿಮಾತಿಗೆ. ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ವಿನಯವಾಗಿ ಕೇಳಿದರೆ ಸಾಕು, ಹೆಚ್ಚಿನ ಕಡೆ ಷರತ್ತೇ ಕರಗುತ್ತದೆ.

ಮ್ಯಾನೇಜರ್ ಯಾಕೆ ಹಿಂಜರಿಯುತ್ತಾರೆ ಎನ್ನುವುದೂ ಲಾರಿಯವರಿಗೆ ಗೊತ್ತಿರಬೇಕು. 8 ಲಕ್ಷ ಬಾಕಿ ಉಳಿದು ಸಾಲ ಕೆಟ್ಟಿತು ಎಂದಿಟ್ಟುಕೊಳ್ಳಿ. ಖಾತರಿ ಶೇ 75 ಇದ್ದರೆ ಬ್ಯಾಂಕಿಗೆ ಬರಬೇಕಾದ್ದು 6 ಲಕ್ಷ. ಅದು ತಾನಾಗಿ ಬರುವುದಿಲ್ಲ. ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗಿರಬೇಕು, 18 ತಿಂಗಳ ಕಾಯುವ ಅವಧಿ ಮುಗಿದಿರಬೇಕು, ಬಾಕಿ 10 ಲಕ್ಷ ಮೀರಿದ್ದರೆ ವಸೂಲಿಗೆ ಕಾನೂನು ಕ್ರಮವನ್ನೂ ಹೂಡಿರಬೇಕು. ಸಾಲ ಕೊಡುವ ಮುಂಚೆ ಸ್ಥಳಕ್ಕೆ ಹೋಗಿ ನೋಡಿದ ವರದಿ ಇಲ್ಲ, ಗಾಡಿಯ ವಿಮೆ ನಡುವೆ ತಪ್ಪಿದೆ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೇ ಏರಿಲ್ಲ ಎಂಬ ಲೋಪ ಸಿಕ್ಕರೆ ಆ 6 ಲಕ್ಷಕ್ಕೂ ಕುತ್ತು. ಟ್ರಸ್ಟಿನಿಂದ ಹಣ ಬಂದ ಮೇಲೂ ಸಾಲಗಾರ ಪೂರ್ತಿ 8 ಲಕ್ಷಕ್ಕೆ ಹೊಣೆ. ವಸೂಲಾದದ್ದರಲ್ಲಿ ಟ್ರಸ್ಟಿನ ಪಾಲನ್ನು ಬ್ಯಾಂಕು ಹಿಂದಿರುಗಿಸಬೇಕು. ಆದ್ದರಿಂದ ಮ್ಯಾನೇಜರ್ ನೋಡುವುದು ಖಾತರಿಯ ಮುಖವನ್ನಲ್ಲ, ಈ ಗಾಡಿ ತಿಂಗಳು ತಿಂಗಳು ಕಂತು ಹುಟ್ಟಿಸುತ್ತದೆಯೇ ಎಂಬುದನ್ನು. ನಮ್ಮ ಪ್ರಕಾರ ಅದು ಸರಿಯಾದ ಪ್ರಶ್ನೆಯೇ. ಉತ್ತರ ಹುಡುಕುವ ಕಡತ ಮಾತ್ರ ತಪ್ಪು.

ಆ ಕಡತ ಯಾವುದೆಂದರೆ ಆದಾಯ ತೆರಿಗೆ ರಿಟರ್ನ್. ಹತ್ತು ಸರಕು ವಾಹನ ಮೀರದ ಮಾಲೀಕರಿಗೆ 44ಎಇ ಎಂದು ಎಲ್ಲರೂ ಕರೆಯುವ ಅಂದಾಜು ಆದಾಯದ ಸೌಲಭ್ಯವಿದೆ. ಒಟ್ಟು ತೂಕ 12 ಟನ್ ಒಳಗಿನ ಗಾಡಿಗೆ ತಿಂಗಳಿಗೆ 7,500 ರೂಪಾಯಿ. ಅದಕ್ಕಿಂತ ಭಾರದ ಗಾಡಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಎಂದು ತೋರಿಸಿದರೆ ಆಯಿತು, ಲೆಕ್ಕಪುಸ್ತಕ ಇಡಬೇಕಾಗಿಲ್ಲ. ತೆರಿಗೆಗೆ ಇದು ವರ. ಸಾಲಕ್ಕೆ ಇದೇ ಶಾಪ. ಒಂದು ಮಿನಿ ಟ್ರಕ್ಕಿನವನ ವರ್ಷದ ಆದಾಯ ರಿಟರ್ನ್‌ನಲ್ಲಿ 90,000 ರೂಪಾಯಿ. 18.5 ಟನ್ನಿನ ಲಾರಿಯವನದು 2,22,000. ಈಗ 7 ಲಕ್ಷದ ಸಾಲಕ್ಕೆ ಶೇ 11ರ ಇಳಿಕೆ ಬಡ್ಡಿಯಲ್ಲಿ, ಅಂದರೆ ಉಳಿದ ಅಸಲಿಗಷ್ಟೇ ಹಾಕುವ ಬಡ್ಡಿಯಲ್ಲಿ, 60 ತಿಂಗಳ ಕಂತು ಸುಮಾರು 15,220, ವರ್ಷಕ್ಕೆ 1,82,640. ಆದಾಯ 90 ಸಾವಿರ, ಕಂತು 1 ಲಕ್ಷ 82 ಸಾವಿರ ಎಂದ ಮೇಲೆ ಕಂಪ್ಯೂಟರ್ ಆ ಅರ್ಜಿಯನ್ನು ಮ್ಯಾನೇಜರ್ ಮೇಜಿಗೂ ಬಿಡುವುದಿಲ್ಲ. ಆ 90 ಸಾವಿರ ಕಾನೂನು ಹಿಡಿದುಕೊಟ್ಟ ಅಂಕಿ, ಅದರಲ್ಲಿ ಗಾಡಿಯ ಸವಕಳಿಯೂ ಕಳೆದಿದೆ ಎಂದು ವಿವರಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ಹಾಗಾದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸೋಣ ಎಂದರೆ ಅಲ್ಲೂ ಒಂದು ಸೋರಿಕೆ. ಒಂದು ಮಾದರಿ ಟ್ರಿಪ್ ನೋಡಿ. ಚಳ್ಳಕೆರೆಯಿಂದ ಯಶವಂತಪುರ ಎಪಿಎಂಸಿಗೆ ಈರುಳ್ಳಿ ಲೋಡು, ಬಾಡಿಗೆ 9,500. ಲೋಡು ತುಂಬುವಾಗ ಟ್ರಾನ್ಸ್‌ಪೋರ್ಟ್ ಆಫೀಸಿನವರು 1,000 ನಗದು ಮುಂಗಡ ಕೊಟ್ಟು, 4,000ಕ್ಕೆ ಬಂಕಿನ ಡೀಸೆಲ್ ಚೀಟಿ ಬರೆದುಕೊಡುತ್ತಾರೆ. ಮಾಲು ಇಳಿಸಿದ ರಸೀದಿ ತಲುಪಿದ ಮೇಲೆ, ಇಪ್ಪತ್ತು ದಿನಕ್ಕೋ ತಿಂಗಳಿಗೋ, ಬಾಕಿ 4,500 ಖಾತೆಗೆ ಬೀಳುತ್ತದೆ. ದುಡಿದದ್ದು 9,500, ಬ್ಯಾಂಕಿಗೆ ಕಂಡದ್ದು 4,500. ವರ್ಷಪೂರ್ತಿ ಹೀಗೇ ನಡೆದರೆ ಅರ್ಧ ವ್ಯಾಪಾರ ಕಾಗದದಿಂದಲೇ ಮಾಯ. ಇದಕ್ಕೆ ಮದ್ದು ಕಷ್ಟದ್ದಲ್ಲ: ಮುಂಗಡವನ್ನೂ ಯುಪಿಐನಲ್ಲಿ ಖಾತೆಗೇ ಹಾಕಿಸಿಕೊಂಡು, ಬಂಕಿಗೆ ಅದೇ ಖಾತೆಯಿಂದ ಕಟ್ಟಬೇಕು. ಡೀಸೆಲ್ ಚೀಟಿ ತೆಗೆದುಕೊಳ್ಳಲೇಬೇಕಾದ ಕಡೆ ಚೀಟಿಯ ಫೋಟೊ, ಬಂಕಿನ ಬಿಲ್ಲು ಎರಡನ್ನೂ ಟ್ರಿಪ್ ಪುಸ್ತಕದ ಆ ಸಾಲಿಗೆ ಪಿನ್ ಮಾಡಿ ಇಡಬೇಕು. ಸಾಲಕ್ಕೆ ಅರ್ಜಿ ಹಾಕುವ ಆರು ತಿಂಗಳ ಮುಂಚಿನಿಂದಲಾದರೂ ಇದನ್ನು ಶುರು ಮಾಡಿರಬೇಕು. ಅರ್ಜಿ ಹಾಕುವ ವಾರ ಶುರು ಮಾಡಿದರೆ ನಂಬುವವರಿಲ್ಲ.

ಟ್ರಿಪ್ ಪುಸ್ತಕ ಎಂದರೆ ಅಂಗಡಿಯ ಉದ್ದ ನೋಟ್‌ಬುಕ್ಕೇ ಸಾಕು. ತಾರೀಖು, ಎಲ್ಲಿಂದ ಎಲ್ಲಿಗೆ, ಮಾಲು ಯಾವುದು, ಬಿಲ್ಟಿ (ಸರಕು ಸಾಗಣೆ ರಸೀದಿ) ನಂಬರ್, ಬಾಡಿಗೆ, ಮುಂಗಡ, ಬಾಕಿ, ಮೀಟರ್ ರೀಡಿಂಗ್, ಡೀಸೆಲ್ ಲೀಟರ್, ಟೋಲ್, ಹಮಾಲಿ, ವಾಪಸು ಖಾಲಿ ಬಂದಿತೋ ಲೋಡಾಗಿ ಬಂದಿತೋ. ಈ ಕೊನೆಯ ಕಾಲಮ್ಮನ್ನು ಯಾರೂ ಬರೆಯುವುದಿಲ್ಲ, ಲಾಭ ಇರುವುದು ಅಥವಾ ಹೋಗುವುದು ಅಲ್ಲೇ. ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನು ಇದರ ಪಕ್ಕ ಇಟ್ಟರೆ ಗಾಡಿ ಯಾವ ದಿನ ಯಾವ ಟೋಲ್ ದಾಟಿತು ಎನ್ನುವುದು ಮೂರನೆಯವರ ಸಾಕ್ಷಿಯಾಗಿ ನಿಲ್ಲುತ್ತದೆ. ಅದರ ಜೊತೆ ಒಂದೆರಡು ಟ್ರಾನ್ಸ್‌ಪೋರ್ಟ್ ಆಫೀಸುಗಳಿಂದ 'ಇವರ ಗಾಡಿಗೆ ನಾವು ಲೋಡು ಕೊಡುತ್ತಿದ್ದೇವೆ' ಎಂಬ ಪತ್ರ. ಇಷ್ಟಿದ್ದರೆ ರಿಟರ್ನ್‌ನ 90 ಸಾವಿರದ ಪಕ್ಕದಲ್ಲಿ ನಿಜವಾದ ವಹಿವಾಟು ಕಾಣುತ್ತದೆ.

ಜಿಎಸ್‌ಟಿ ಇಲ್ಲ ಎಂದು ಅರ್ಜಿ ವಾಪಸು ಮಾಡುವುದು ಇನ್ನೊಂದು ಕಾಟ. ಬಿಲ್ಟಿ ಬರೆದು ಮಾಲಿನ ಹೊಣೆ ಹೊರುವ ಟ್ರಾನ್ಸ್‌ಪೋರ್ಟ್ ಏಜೆನ್ಸಿಯ ಲೆಕ್ಕ ಬೇರೆ. ಅಂಥ ಏಜೆನ್ಸಿಗೆ ತನ್ನ ಲಾರಿಯನ್ನು ಬಾಡಿಗೆಗೆ ಕೊಡುವ ಮಾಲೀಕನ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ವಿನಾಯಿತಿಯ ಸೇವೆ ಮಾತ್ರ ಮಾಡುವವನು ನೋಂದಣಿ ಮಾಡಿಸಬೇಕಿಲ್ಲ, ರಿಟರ್ನ್ ಇರುವುದೂ ಇಲ್ಲ. ಹಾಗೆಯೇ ಹತ್ತು ಗಾಡಿ ಮೀರದವನು ಪ್ಯಾನ್ ಸಹಿತ ಘೋಷಣೆ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಹಿಡಿಯುವಂತಿಲ್ಲ, ಆದ್ದರಿಂದ ತೆರಿಗೆ ಕಡಿತವಾದ ದಾಖಲೆಯೂ ಅವನ ಕೈಯಲ್ಲಿ ಇರುವುದಿಲ್ಲ. ಕಾನೂನು ಕೊಟ್ಟ ಎರಡು ವಿನಾಯಿತಿಗಳು ಸೇರಿ ಮನುಷ್ಯನನ್ನು ಬ್ಯಾಂಕಿನ ಕಣ್ಣಿಗೆ ಕಾಣದಂತೆ ಮಾಡಿವೆ. ರಾಜ್ಯ ಮಟ್ಟದ ಬ್ಯಾಂಕರ್ಸ್ ಸಮಿತಿ ಮನಸ್ಸು ಮಾಡಿದರೆ ಮೇಲೆ ಹೇಳಿದ ಟ್ರಿಪ್ ಪುಸ್ತಕ, ಫಾಸ್ಟ್ಯಾಗ್, ಡೀಸೆಲ್ ಬಿಲ್ಲುಗಳ ಆಧಾರದ ಒಂದು ಪುಟದ ನಗದು ಹರಿವಿನ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿ ಎಲ್ಲ ಶಾಖೆಗಳಿಗೂ ಒಪ್ಪಿಸಬಹುದು. ಇದಕ್ಕೆ ಹೊಸ ಯೋಜನೆಯೂ ಬೇಡ, ಅನುದಾನವೂ ಬೇಡ.

ಆ ನಮೂನೆಯಲ್ಲಿ ಲೆಕ್ಕ ಹೇಗಿರಬೇಕು? ಸ್ವಂತ ಓಡಿಸುವ ಮಿನಿ ಟ್ರಕ್ಕಿಗೆ ತಿಂಗಳ ಬಾಡಿಗೆ 58,000 ಎಂದು ಹಿಡಿಯೋಣ. ಡೀಸೆಲ್ 21,000. ಟೈರಿಗೆ ಎತ್ತಿಡಬೇಕಾದ್ದು 3,000. ಆಯಿಲ್, ಸರ್ವಿಸ್, ಬ್ರೇಕ್ ಲೈನರ್ 2,500. ವಿಮೆ, ತೆರಿಗೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಇವುಗಳ ತಿಂಗಳ ಪಾಲು 4,500. ಟೋಲ್, ಪಾರ್ಕಿಂಗ್, ಹಮಾಲಿ 3,000. ಉಳಿಯುವುದು 24,000. ಕಂತು 15,220. ಅಂದರೆ ಕಂತಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಬ್ಯಾಂಕಿನ ಕಣ್ಣಿಗೆ ಇದು ಪಾಸು. ಆದರೆ ಇದೇ ಗಾಡಿಗೆ 15,000 ಸಂಬಳದ ಡ್ರೈವರ್ ಇಟ್ಟರೆ ಉಳಿಯುವುದು 9,000, ಕಂತಿಗೇ ಸಾಲದು. ಮೊದಲ ಗಾಡಿಯನ್ನು ತಾನೇ ಓಡಿಸಿ ಗೆದ್ದವನು ಎರಡನೆಯದನ್ನು ಡ್ರೈವರ್ ಕೈಗೆ ಕೊಟ್ಟು ಸೋಲುವುದು ಈ ಲೆಕ್ಕದಲ್ಲೇ. ಸ್ವಂತ ದುಡಿಮೆಯ ಕೂಲಿಯನ್ನು ಲಾಭ ಎಂದು ತಿಳಿದಿರುತ್ತಾನೆ. ಟೈರಿನ 3,000ವನ್ನು ಎತ್ತಿಡದೆ ಉಂಡುಬಿಟ್ಟರೆ ಎರಡನೇ ವರ್ಷದಲ್ಲಿ ಒಂದೇ ಸಲ ಪೂರ್ತಿ ಸೆಟ್ ಬದಲಿಸಬೇಕಾಗಿ ಬಂದು ಎರಡು ಕಂತು ತಪ್ಪುತ್ತದೆ.

ಸಾಲಗಾರ ಕೈಯಿಂದ ಹಾಕಬೇಕಾದ ಮಾರ್ಜಿನ್ ಹಣದ ಲೆಕ್ಕದಲ್ಲೂ ಬಹಳ ಮಂದಿ ಮುಗ್ಗರಿಸುತ್ತಾರೆ. 'ಶೇ 85 ಸಾಲ, ನಿಮ್ಮದು ಬರೀ 15' ಎಂದು ಡೀಲರ್ ಹೇಳುತ್ತಾನೆ. ಯಾವುದರ 85? ಚಾಸಿ ಬೆಲೆ 22 ಲಕ್ಷ, ಬಾಡಿ ಕಟ್ಟಿಸಲು 3 ಲಕ್ಷ, ವಿಮೆ, ನೋಂದಣಿ, ತೆರಿಗೆ, ಪರ್ಮಿಟ್ ಸೇರಿ ಒಂದೂವರೆ ಲಕ್ಷ ಎಂದಿಟ್ಟುಕೊಂಡರೆ ಗಾಡಿ ರಸ್ತೆಗಿಳಿಯಲು 26.5 ಲಕ್ಷ ಬೇಕು. ಬ್ಯಾಂಕು ಚಾಸಿಗೆ ಮಾತ್ರ ಶೇ 85 ಕೊಟ್ಟರೆ ಬರುವುದು 18.7 ಲಕ್ಷ. ಕೈಯಿಂದ ಬೇಕಾದ್ದು 3.3 ಲಕ್ಷವಲ್ಲ, 7.8 ಲಕ್ಷ. ನಡುವಿನ ನಾಲ್ಕೂವರೆ ಲಕ್ಷಕ್ಕೆ ನೂರಕ್ಕೆ ಮೂರರ ಕೈಸಾಲ ಮಾಡಿದರೆ ತಿಂಗಳಿಗೆ 13,500 ಬರೀ ಬಡ್ಡಿ. ಗಾಡಿಯನ್ನು ಬೀಳಿಸುವುದು ಬ್ಯಾಂಕಿನ ಕಂತಲ್ಲ, ಈ ಕೈಸಾಲ. ಆದ್ದರಿಂದ ಬಾಡಿ ಕಟ್ಟುವವರ ಕೊಟೇಶನ್ನನ್ನು ಜಿಎಸ್‌ಟಿ ನಂಬರ್ ಸಮೇತ ಮೊದಲ ದಿನವೇ ಅರ್ಜಿಯ ಜೊತೆ ಕೊಟ್ಟು, ಯೋಜನಾ ವೆಚ್ಚದೊಳಗೆ ಸೇರಿಸಬೇಕು. ಗಾಡಿ ಬಾಡಿ ಶೆಡ್ಡಿನಲ್ಲಿ ನಿಂತಿರುವಾಗಲೇ ಮೊದಲ ಕಂತು ಬರದಂತೆ ಎರಡು ಮೂರು ತಿಂಗಳ ವಿರಾಮ ಕೇಳಬೇಕು. ಮಂಜೂರಾತಿಗೆ ಮುಂಚೆ ಕೇಳಿದರೆ ಕೊಡುತ್ತಾರೆ. ಆಮೇಲೆ ಕೇಳಿದರೆ ಅದು ಸಾಲ ಮರುಹೊಂದಾಣಿಕೆ ಎಂಬ ಬೇರೆಯೇ ತಲೆಬಿಸಿ. ಮಾರ್ಜಿನ್ ಉಳಿಸಲು ಇನ್‌ವಾಯ್ಸ್ ಬೆಲೆ ಏರಿಸಿ ಬರೆಸಿಕೊಡುತ್ತೇವೆ ಎನ್ನುವ ಡೀಲರ್‌ಗಳೂ ಉಂಟು. ಆ ದಾರಿ ಬೇಡವೇ ಬೇಡ. ಜಿಎಸ್‌ಟಿ ದಾಖಲೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ, ಆಗ ಸಾಲಗಾರ ವಂಚಕರ ಪಟ್ಟಿಯಲ್ಲಿ. ಸರಕು ವಾಹನಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಕೈಯಲ್ಲಿರುವುದು ಹಳೆಯ ಕೊಟೇಶನ್ ಆಗಿದ್ದರೆ ಹೊಸದು ತನ್ನಿ.

ಬಡ್ಡಿಯ ಮಾತು. ಹಣಕಾಸು ಕಂಪನಿಯವರು 'ಶೇ 7 ಫ್ಲ್ಯಾಟ್' ಎನ್ನುತ್ತಾರೆ, ಬ್ಯಾಂಕಿನವರು ಶೇ 11 ಎನ್ನುತ್ತಾರೆ. ಏಳು ಕಡಿಮೆ ಅನ್ನಿಸುವುದು ಸಹಜ. 7 ಲಕ್ಷಕ್ಕೆ ಶೇ 7ರಂತೆ ಐದು ವರ್ಷ ಪೂರ್ತಿ ಅಸಲಿನ ಮೇಲೆ ಬಡ್ಡಿ 2,45,000. ಒಟ್ಟು 9,45,000, ಕಂತು 15,750. ಬ್ಯಾಂಕಿನ 15,220ಕ್ಕಿಂತ ತಿಂಗಳಿಗೆ 530 ರೂಪಾಯಿ ಹೆಚ್ಚು. ಇಳಿಕೆ ಬಡ್ಡಿಯಲ್ಲಿ ಹೇಳಿದರೆ ಆ 'ಏಳು' ಹತ್ತಿರಹತ್ತಿರ ಹನ್ನೆರಡೂವರೆ. 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಅವಧಿ ಸಾಲಕ್ಕೂ ಮುಖ್ಯ ಮಾಹಿತಿ ಪತ್ರ, ಅಂದರೆ ಕೆಎಫ್‌ಎಸ್, ಕೊಡುವುದು ಕಡ್ಡಾಯ. ಎಲ್ಲ ಖರ್ಚು ಸೇರಿದ ವಾರ್ಷಿಕ ದರ ಅದರಲ್ಲಿ ಒಂದೇ ಅಂಕಿಯಾಗಿ ಇರುತ್ತದೆ. ಎರಡು ಕಡೆಯ ಆ ಒಂದು ಅಂಕಿಯನ್ನು ಹೋಲಿಸಿದರೆ ಸಾಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಅದನ್ನು ಕೊಡಬೇಕೆಂದೂ ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಉಪಕಾರ ಬೇಡಿದಂತಲ್ಲ. ಅವಧಿಗೆ ಮುಂಚೆ ತೀರಿಸುವ ಯೋಚನೆ ಇದ್ದರೆ ಬಡ್ಡಿ ಬದಲಾಗುವ ದರವೋ ಸ್ಥಿರವೋ ಎಂದು ನೋಡಿಕೊಳ್ಳಿ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಬದಲಾಗುವ ದರದ ಸಾಲಕ್ಕೆ, ಸಾಲಗಾರ ಸಣ್ಣ ಉದ್ಯಮಿಯಾಗಿದ್ದರೆ, ವಾಣಿಜ್ಯ ಬ್ಯಾಂಕುಗಳು ಮುಂಪಾವತಿ ಶುಲ್ಕ ಹಾಕುವಂತಿಲ್ಲ. ಗಾಡಿ ಸಾಲ ಹೆಚ್ಚಾಗಿ ಸ್ಥಿರ ದರದ್ದಾಗಿರುತ್ತದೆ, ಅದಕ್ಕೆ ಈ ನಿಯಮ ತಾಗುವುದಿಲ್ಲ.

ಕಂತಿನ ಕ್ಯಾಲೆಂಡರ್ ಬಗ್ಗೆ ನಮಗೆ ನಿಜವಾದ ತಕರಾರಿದೆ. ಟ್ರ್ಯಾಕ್ಟರ್ ಸಾಲಕ್ಕೆ ಬೆಳೆ ಬರುವ ಕಾಲ ನೋಡಿ ಆರು ತಿಂಗಳ ಕಂತು ಕೊಡುತ್ತಾರೆ. ಅದೇ ಹೊಲದ ಕಬ್ಬನ್ನು ಕಾರ್ಖಾನೆಗೆ ಹೊರುವ ಲಾರಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಕಂತು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಅರೆಯುವುದು ನಿಂತ ಮೇಲೆ ಗಾಡಿಗಳು ಬೇವಿನ ಮರದ ಕೆಳಗೆ ನಿಂತಿರುತ್ತವೆ. ಆಷಾಢದಲ್ಲಿ ಮನೆ ಸಾಮಾನು ಸಾಗಿಸುವ ಬಾಡಿಗೆಯೂ ಇಲ್ಲ. 15,220ರ ಕಂತನ್ನು ನಾಲ್ಕು ಬಡ ತಿಂಗಳಲ್ಲಿ 7,610ಕ್ಕೆ ಇಳಿಸಿ, ಉಳಿದ ಎಂಟು ತಿಂಗಳಲ್ಲಿ 19,025ಕ್ಕೆ ಏರಿಸಿದರೆ ವರ್ಷದ ಮೊತ್ತ ಅಷ್ಟೇ ಆಗುತ್ತದೆ. ಬಡ್ಡಿಯಲ್ಲಿ ಬರುವ ಸಣ್ಣ ವ್ಯತ್ಯಾಸವನ್ನು ಯಾವ ಲಾರಿಯವನೂ ಬೇಡ ಎನ್ನುವುದಿಲ್ಲ. ಮಂಜೂರಾತಿ ಹಂತದಲ್ಲೇ ಹೀಗೆ ಬರೆದುಕೊಡುವುದನ್ನು ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಒಟ್ಟುಗೂಡಿಸುವ ಲೀಡ್ ಬ್ಯಾಂಕಿನ ಸಭೆಗಳಲ್ಲಿ ಯಾರಾದರೂ ಎತ್ತಬೇಕು.

ಬಾಡಿಗೆ ಬಾಕಿಯಿಂದಲೂ ಕಂತು ತಪ್ಪುತ್ತದೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಬರೀ ಸಾಲದ ಕಡತಕ್ಕೆ ಎಂದುಕೊಂಡವರು ಇದನ್ನು ಗಮನಿಸಬೇಕು. ನೋಂದಣಿ ಉಚಿತ, ಆಧಾರ್ ಇದ್ದರೆ ಆನ್‌ಲೈನ್‌ನಲ್ಲಿ ಅರ್ಧ ಗಂಟೆಯ ಕೆಲಸ. ಚಟುವಟಿಕೆಯ ಸಂಕೇತ 49231, ಅಂದರೆ ರಸ್ತೆ ಸರಕು ಸಾಗಣೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಬಂದ ತೆರಿಗೆ ಬದಲಾವಣೆಯಿಂದ, ಗಡುವು ಮೀರಿದ ಬಾಕಿಯನ್ನು ಕೊಡುವವರೆಗೆ ಬಾಡಿಗೆ ಕೊಡಬೇಕಾದ ಕಂಪನಿ ಅದನ್ನು ಖರ್ಚೆಂದು ತೋರಿಸುವಂತಿಲ್ಲ. ಆದ್ದರಿಂದ ದೊಡ್ಡ ಗಿರಾಕಿಗಳ ಅಕೌಂಟೆಂಟರು ಮಾರ್ಚ್ ಹೊತ್ತಿಗೆ ಉದ್ಯಮ್ ನಂಬರ್ ಇರುವ ಬಿಲ್ಲುಗಳನ್ನು ಹುಡುಕಿ ಹುಡುಕಿ ಪಾಸು ಮಾಡುತ್ತಾರೆ. ಲೋಡು ಹೊರುವ ಮುಂಚೆಯೇ ನೋಂದಣಿ ಆಗಿರಬೇಕು, ನಂಬರ್ ಬಿಲ್ಲಿನ ಮೇಲೆ ಅಚ್ಚಾಗಿರಬೇಕು.

ಬ್ಯಾಂಕಿನ ಕೌಂಟರಿನಲ್ಲಿ ಮೂರು ಕಾಗದ ಕೇಳಿ ಪಡೆಯಬೇಕು. ಅರ್ಜಿ ತಲುಪಿದ್ದಕ್ಕೆ ಕ್ರಮಸಂಖ್ಯೆ ಇರುವ ಸ್ವೀಕೃತಿ. 25 ಲಕ್ಷದವರೆಗಿನ ಸಾಲಕ್ಕೆ 14 ಕೆಲಸದ ದಿನದೊಳಗೆ ತೀರ್ಮಾನ. ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ. ಮೂರೂ ರಿಸರ್ವ್ ಬ್ಯಾಂಕಿನ ನಿಯಮಗಳೇ. ಅರ್ಜಿಯನ್ನು ಸರ್ಕಾರಿ ಸಾಲ ಯೋಜನೆಗಳ ಜನ ಸಮರ್ಥ್ ಪೋರ್ಟಲ್‌ನಲ್ಲಿ ಹಾಕಿದರೆ ಸ್ವೀಕೃತಿ ತಾನಾಗಿ ಹುಟ್ಟುತ್ತದೆ, 'ಸಾಹೇಬರು ರಜೆ, ಮುಂದಿನ ವಾರ ಬನ್ನಿ' ಎಂಬ ಮಾತಿಗೆ ಎಡೆ ಇರುವುದಿಲ್ಲ. ಕಾರಣ ಸಿಗದಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಬಳಿ ಹೋಗಬಹುದು. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ.

ರಾಜ್ಯದ ನಿಗಮಗಳ ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಸರಕು ವಾಹನಕ್ಕೆ ಸಹಾಯಧನವೂ ಉಂಟು: ಪರಿಶಿಷ್ಟ ಜಾತಿ, ಪಂಗಡದವರಿಗೆ ಬೆಲೆಯ ಶೇ 75, ಗರಿಷ್ಠ 4 ಲಕ್ಷ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಉಳಿದದ್ದಕ್ಕೆ ಬ್ಯಾಂಕ್ ಸಾಲವೇ ಗತಿ. ಆದ್ದರಿಂದ ನಿಗಮದ ಪಟ್ಟಿಯಲ್ಲಿ ಹೆಸರು ಬಂದರೂ ಮೇಲೆ ಹೇಳಿದ ಕಡತ ಇಲ್ಲದಿದ್ದರೆ ಶಾಖೆಯಲ್ಲಿ ಅಲ್ಲಿಗೇ ನಿಲ್ಲುತ್ತದೆ.

ಕಂತು ತಪ್ಪುವ ಲಕ್ಷಣ ಕಂಡರೆ ಫೋನ್ ಸ್ವಿಚ್ ಆಫ್ ಮಾಡಿಕೊಂಡು ಗಾಡಿಯನ್ನು ಬೇರೆ ಜಿಲ್ಲೆಗೆ ಓಡಿಸುವುದು ಅತಿ ಕೆಟ್ಟ ಉಪಾಯ. ಬಾಕಿ 30 ದಿನದವರೆಗೆ ಒಂದು ಹಂತ, 60ರವರೆಗೆ ಎರಡು, 90ರವರೆಗೆ ಮೂರು, ಆಮೇಲೆ ಎನ್‌ಪಿಎ. ಎನ್‌ಪಿಎ ಆದ ಮೇಲೆ ಒಂದು ಕಂತು ಕಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಅಷ್ಟೂ ಬಾಕಿ ತೀರಿದರೆ ಮಾತ್ರ ಖಾತೆ ಮತ್ತೆ ಸರಿಹೋಗುತ್ತದೆ. ಅದಕ್ಕೆ ಮುಂಚೆಯೇ, ಗಾಡಿ ಅಪಘಾತವಾಗಿದೆ, ಎಂಜಿನ್ ರಿಪೇರಿಗೆ ಬಂದಿದೆ, ಬಾಡಿಗೆ ಬಾಕಿ ನಿಂತಿದೆ ಎಂದು ದಾಖಲೆ ಸಮೇತ ಶಾಖೆಗೆ ಬರೆದುಕೊಡಬೇಕು. ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ ರಿಸರ್ವ್ ಬ್ಯಾಂಕ್ 2016ರಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ 10 ಲಕ್ಷದವರೆಗಿನ ಸಾಲದ ಪರಿಹಾರ ಕ್ರಮವನ್ನು ಶಾಖೆಯ ಮ್ಯಾನೇಜರ್ ಮಟ್ಟದಲ್ಲೇ ತೀರ್ಮಾನಿಸಬಹುದು, ಸಾಲಗಾರನೇ ಅರ್ಜಿ ಹಾಕಬಹುದು. ಈ ಬಾಗಿಲನ್ನು ತಟ್ಟಿದವರು ತೀರಾ ಕಡಿಮೆ. ಗಾಡಿ ಸೀಜ್ ಮಾಡುವುದಕ್ಕೂ ಕ್ರಮವಿದೆ: ಒಪ್ಪಂದದಲ್ಲಿ ಬರೆದಂತೆ ನೋಟಿಸ್, ಮಾರುವ ಮುಂಚೆ ಹಣ ಕಟ್ಟಲು ಕೊನೆಯ ಅವಕಾಶ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ.

ಕೊನೆಯ ಕಂತು ಕಟ್ಟಿದ ದಿನ ಸಿಹಿ ಹಂಚಿ ಮರೆತುಬಿಡುವವರಿಗೆ ಒಂದು ಮಾತು. ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರು ತಾನಾಗಿ ಅಳಿಯುವುದಿಲ್ಲ. ಬ್ಯಾಂಕಿನಿಂದ ಎನ್‌ಒಸಿ ಪಡೆದು, ಬ್ಯಾಂಕು ಮತ್ತು ಮಾಲೀಕ ಇಬ್ಬರ ಸಹಿಯ ನಮೂನೆ 35 ಅನ್ನು ಆರ್‌ಟಿಒಗೆ ಸಲ್ಲಿಸಬೇಕು. ವಿಮಾ ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಬೇಕು. ಇಲ್ಲವಾದರೆ ಸಾಲವೇ ಇಲ್ಲದ ಗಾಡಿ ಅಪಘಾತದಲ್ಲಿ ಪೂರ್ತಿ ಹಾಳಾದಾಗ ಪರಿಹಾರದ ಹಣಕ್ಕೆ ಮತ್ತೆ ಅದೇ ಶಾಖೆಯ ಮುಂದೆ ನಿಲ್ಲಬೇಕು. ಎರಡು ತಿಂಗಳು ಬಿಟ್ಟು, ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿ ತೆಗೆದು, ಖಾತೆ 'ಮುಕ್ತಾಯ' ಎಂದು ಬಂದಿದೆಯೋ 'ಸೆಟಲ್ಡ್' (ಕಡಿಮೆ ಕಟ್ಟಿ ರಾಜಿ) ಎಂದು ಬಂದಿದೆಯೋ ನೋಡಿ. ವರ್ಷಕ್ಕೊಮ್ಮೆ ಆ ವರದಿ ಉಚಿತ. ಪೂರ್ತಿ ಕಟ್ಟಿಯೂ 'ಸೆಟಲ್ಡ್' ಎಂದು ಕಂಡರೆ ಕೂಡಲೇ ತಿದ್ದಿಸಿ. ತರುಣ್ ಪ್ಲಸ್‌ಗೆ ಅರ್ಜಿ ಹಾಕಿದ ದಿನ ಮೊದಲು ತೆರೆಯುವುದು ಆ ಪುಟವನ್ನೇ.

— ಸರಕು ವಾಹನ ಮಾಲೀಕರ ಲೆಕ್ಕಪತ್ರ ಬರೆಯುವವರು, ದಾವಣಗೆರೆ